ಸಹಾಯ ಬೇಕು: ಕರಾಟೆ ಮೊದಲ ಬೆಲ್ಟ್ ಪರೀಕ್ಷೆ, ಕತಾದಲ್ಲಿ ತಿರುಗುವಾಗ ಬ್ಯಾಲೆನ್ಸ್ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ಮಗಳು ಶೋಟೋಕಾನ್ ಶೈಲಿಯ ಕರಾಟೆ ಕಲಿಯುತ್ತಿದ್ದಾಳೆ, ಬಿಳಿ ಬೆಲ್ಟ್, ಮೊದಲ ಗ್ರೇಡಿಂಗ್ (ಬೆಲ್ಟ್ ಪರೀಕ್ಷೆ) ಹತ್ತಿರ ಬಂದಿದೆ. ಓಯ್ ಜುಕಿ (ಹೆಜ್ಜೆ ಮುಂದಿಟ್ಟು ಹೊಡೆಯುವ ಪಂಚ್), ಗೆದಾನ್ ಬರಾಯ್ (ಕೆಳಗಿನ ಬ್ಲಾಕ್), ಮಾಯೆ ಗೇರಿ (ಮುಂದಕ್ಕೆ ಒದೆತ) ಎಲ್ಲ ಚೆನ್ನಾಗಿಯೇ ಮಾಡುತ್ತಾಳೆ. ಪಂಚ್ ಮಾಡುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಬಿಗಿಯಾಗಿ ಎಳೆದುಕೊಳ್ಳುವುದೂ ಈಗ ಅಭ್ಯಾಸ ಆಗಿದೆ.

ತೊಂದರೆ ಇರುವುದು ಹೇಯಾನ್ ಶೋದಾನ್ ಕತಾದಲ್ಲಿ (ಕತಾ ಅಂದರೆ ಕ್ರಮವಾಗಿ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ). ಒಟ್ಟು 21 ಚಲನೆ, ಅದರಲ್ಲಿ ಮೂರು ಸಲ ಆಗೆ ಉಕೆ (ಮೇಲಕ್ಕೆತ್ತುವ ಬ್ಲಾಕ್) ಮಾಡಿ ಕಿಯಾಯ್ ಕೂಗಿದ ಮೇಲೆ ಬಲಗಾಲಿನ ಮೇಲೆ 270 ಡಿಗ್ರಿ ಎಡಕ್ಕೆ ತಿರುಗಬೇಕಲ್ವಾ, ಅಲ್ಲೇ ವಾಲುತ್ತಾಳೆ. ನಾನು ಗಮನಿಸಿ ನೋಡಿದೆ. ತಿರುಗಿ ನಿಂತಾಗ ಎಡಗಾಲು ಬಲಗಾಲಿನ ನೇರಕ್ಕೇ ಬಂದುಬಿಡುತ್ತದೆ, ಮಧ್ಯೆ ಭುಜದಷ್ಟು ಅಗಲ ಉಳಿಯುವುದಿಲ್ಲ, ಹಿಂದಿನ ಹಿಮ್ಮಡಿಯೂ ಎದ್ದಿರುತ್ತದೆ. ತಲೆ ಮೊದಲು ತಿರುಗಿಸಬೇಕೋ ಕಾಲು ಮೊದಲೋ? ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದರೆ ಉಪಯೋಗ ಆಗುತ್ತದಾ, ಇಲ್ಲ ಆಮೇಲೆ ಟೇಪ್ ಇಲ್ಲದೆ ಕಷ್ಟ ಆಗುತ್ತದಾ?

ಇನ್ನೊಂದು ಪ್ರಶ್ನೆ. ಗೊಹೋನ್ ಕುಮಿತೆಯಲ್ಲಿ (ಇಬ್ಬರು ಜೋಡಿಯಾಗಿ ಮಾಡುವ ಐದು ಹೆಜ್ಜೆಯ ಅಭ್ಯಾಸ) ಎದುರಿನವರು ಐದು ಹೆಜ್ಜೆ ಮುಂದೆ ಬರುತ್ತಾ ಪಂಚ್ ಮಾಡುವಾಗ ಇವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಬ್ಲಾಕ್ ಸರಿಯಾಗಿಯೇ ಇರುತ್ತದೆ, ಆದರೆ ಕೊನೆಯ ಗ್ಯಾಕು ಜುಕಿ (ಮುಂದಿರುವ ಕಾಲಿಗೆ ವಿರುದ್ಧ ಕೈಯ ಪಂಚ್) ಎಲ್ಲೋ ಹೋಗುತ್ತದೆ. ಮನೆಯಲ್ಲಿ ನಾನೇ ಎದುರು ನಿಂತು ನಿಧಾನವಾಗಿ ಮಾಡಿಸಬಹುದಾ? ನನಗೆ ಕರಾಟೆ ಬರುವುದಿಲ್ಲ, ಸುಮ್ನೆ ಏನೋ ಹೇಳಿಕೊಟ್ಟು ತಪ್ಪು ಅಭ್ಯಾಸ ಮಾಡಿಸಬಾರದು ಅಂತ ಕೇಳುತ್ತಿದ್ದೇನೆ.

ಅವಳ ಸೆನ್ಸೆಯನ್ನೂ (ಕರಾಟೆ ಗುರು) ಕೇಳುತ್ತೇನೆ. ಮಕ್ಕಳಿಗೆ ಕಲಿಸುವವರು ಯಾರಾದರೂ ಇದ್ದರೆ ದಯವಿಟ್ಟು ಸ್ವಲ್ಪ ವಿವರವಾಗಿ ತಿಳಿಸಿ.