ಹೃದಯಾಘಾತದ ನಂತರದ ಮಂಡೆಬಿಸಿಗೆ ಗುಂಪು ಚಿಕಿತ್ಸೆ: ಹೇಗೆ ನಡೆಸುವುದು?

ಮಲ್ಪೆ_ಫಿಸಿಯೋ:
ಉಡುಪಿಯಲ್ಲಿ ಹೃದಯಾಘಾತ ಆದವರಿಗೆ ವ್ಯಾಯಾಮ ಮಾಡಿಸುವ ಜಾಗದಲ್ಲೇ, ಖಿನ್ನತೆ ಮತ್ತು ಗಾಬರಿ ಇರುವವರಿಗೆ ಗುಂಪು ಚಿಕಿತ್ಸೆ ಶುರು ಮಾಡುವ ಯೋಚನೆ ಇದೆ. ಸೈಕಾಲಜಿಸ್ಟ್ ಒಬ್ಬರು ಸಿಗುತ್ತಾರೆ. ಎಷ್ಟು ಜನ ಇರಬೇಕು? ಯಾರನ್ನು ಸೇರಿಸಬಾರದು? ಬರೀ ಮಾತಾಡಿಸಿ ಕಳಿಸಿದರೆ ಸಾಕಾ?

ಕದ್ರಿ_ಸೈಕಾಲಜಿ:
ಆರರಿಂದ ಹತ್ತು ಜನ, ವಾರಕ್ಕೊಮ್ಮೆ ಒಂದೂವರೆ ಗಂಟೆ, 8ರಿಂದ 12 ವಾರ. ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9, ಗಾಬರಿ ಅಳೆಯುವ ಜಿಎಡಿ-7 ಪ್ರಶ್ನೆಗಳನ್ನು ಕೇಳಿ. ಯಾವುದರಲ್ಲಾದರೂ ಅಂಕ 10 ಅಥವಾ ಹೆಚ್ಚು ಬಂದರೆ ಸರಿಯಾದ ತಪಾಸಣೆ ಬೇಕು. ಪಿಎಚ್‌ಕ್ಯೂನ ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಅಲ್ಲಿ ಸೊನ್ನೆ ಬರದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿ, ಗುಂಪು ಆಮೇಲೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಎಲ್ಲರ ಕೈಗೂ ಬರೆದುಕೊಡಿ. ಹೆಚ್ಚಿನವರಿಗೆ ತುಳು ಆರಾಮ ಎಂದಾದರೆ ತುಳುವಲ್ಲೇ ನಡೆಸಿ, ಮನಸ್ಸಿನ ಮಾತು ಹಾಗೆಯೇ ಹೊರಗೆ ಬರುವುದು.

ಬರೀ ಮಾತು ಸಾಲುವುದಿಲ್ಲ. ಇವರ ಹೆದರಿಕೆ ಸ್ವಂತ ಎದೆಬಡಿತದ ಮೇಲೆ. ಮೆಟ್ಟಿಲಲ್ಲಿ ಎದೆ ಡವಡವ ಅಂದ ಕೂಡಲೇ ಕೂತುಬಿಡುತ್ತಾರೆ. ಕೂತದ್ದಕ್ಕೇ ಬದುಕಿದೆ ಎಂದು ಮನಸ್ಸು ನಂಬುತ್ತದೆ, ಮರುದಿನ ಮೆಟ್ಟಿಲ ಹತ್ತಿರವೂ ಸುಳಿಯುವುದಿಲ್ಲ. ಕಾರ್ಡಿಯಾಲಜಿಸ್ಟ್ ಒಪ್ಪಿದ ಮೇಲೆ ಎಲ್ಲರನ್ನೂ ಒಟ್ಟಿಗೆ ಒಂದು ಮಹಡಿ ಹತ್ತಿಸಿ. ಹತ್ತುವ ಮೊದಲು, ಏನಾಗಬಹುದು ಅಂತ ಭಯ ಎಂದು ಚೀಟಿಯಲ್ಲಿ ಬರೆಸಿ. ಹತ್ತಿ ಕೂತ ಮೇಲೆ ಮಣಿಕಟ್ಟಿಗೆ ಬೆರಳಿಟ್ಟು, ನಿಮಿಷ ನಿಮಿಷಕ್ಕೆ ನಾಡಿ ಇಳಿಯುವುದನ್ನು ಅವರೇ ಎಣಿಸಲಿ. ಆಮೇಲೆ ಚೀಟಿ ಓದಿಸಿ. ಮನೆಯಲ್ಲಿ ಮಾತ್ರ ದಿನಕ್ಕೆ ಹತ್ತು ಸಲ ಬಿಪಿ ನೋಡುವ ಅಭ್ಯಾಸ ಬಿಡಿಸಬೇಕು, ಅದು ಗಾಬರಿಗೆ ಗೊಬ್ಬರ.

ಬಲ್ಮಠ_ನರ್ಸ್:
ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ ಮಾತ್ರೆ) ತಗೊಳ್ಳುವವರಲ್ಲಿ ನಾಡಿ ಅಷ್ಟು ಏರುವುದಿಲ್ಲ. "ಉಸಿರು ಎಷ್ಟು ಕಟ್ಟುತ್ತಿದೆ" ಎಂದೂ ಕೇಳಿ. ಗುಂಪಿನ ನಡುವೆ ಎದೆನೋವು ಬಂದರೆ ಪ್ಯಾನಿಕ್ ಎಂದು ಊಹಿಸಬೇಡಿ ಮಾರಾಯ್ರೆ. ಕೂರಿಸಿ, ಡಾಕ್ಟರ್ ಬರೆದುಕೊಟ್ಟ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ನಾಲಿಗೆ ಅಡಿಗೆ ಇಡಿಸಿ, ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108. ಹಿಂದಿನ 24 ಗಂಟೆಯಲ್ಲಿ ವಯಾಗ್ರ ತಗೊಂಡವರಿಗೆ ಸಾರ್ಬಿಟ್ರೇಟ್ ಕೊಡಲೇಬಾರದು, ಬಿಪಿ ಕುಸಿಯುತ್ತದೆ. ಈ ಪ್ರಶ್ನೆ ಎಲ್ಲರೆದುರು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಸೇರಿಸುವಾಗಲೇ ಒಂಟಿಯಾಗಿ ಕೇಳಿ.

ಮಲ್ಪೆ_ಫಿಸಿಯೋ:
ಒಬ್ಬರು ತಮ್ಮ ಸ್ಟೆಂಟ್ ಕಥೆ ಹೇಳಿ ಉಳಿದವರನ್ನು ಹೆದರಿಸಿದರೆ?

ಕದ್ರಿ_ಸೈಕಾಲಜಿ:
ಶುರುವಿಗೆ ತಲಾ ಎರಡು ನಿಮಿಷ, "ಈ ವಾರ ಏನು ಮಾಡಿದೆ" ಎನ್ನುವುದು ಮಾತ್ರ. ಆಸ್ಪತ್ರೆಯ ಕಥೆಗೆ ಒಂದು ವಾರ ಬೇರೆ ಇಡಿ, ಆ ವಾರ ಮನೆಯವರೂ ಬರಲಿ. ಅತಿ ಜಾಗ್ರತೆಯಿಂದ ಒಂದು ಕೊಡ ನೀರೂ ಎತ್ತಲು ಬಿಡದ ಹೆಂಡತಿ, ಮಕ್ಕಳಿಗೂ ಆ ಮಾತು ಬೇಕು. ಇನ್ನೊಂದು: ಇದರಿಂದ ಆಯುಷ್ಯ ಹೆಚ್ಚುತ್ತದೆ ಎಂದು ಯಾರಿಗೂ ಹೇಳಬೇಡಿ. 2003ರಲ್ಲಿ ಪ್ರಕಟವಾದ ಅಮೆರಿಕದ ಎನ್‌ರಿಚ್ಡ್ ಅಧ್ಯಯನದಲ್ಲಿ ಇಂಥ ಚಿಕಿತ್ಸೆಯಿಂದ ಖಿನ್ನತೆ ಇಳಿಯಿತು, ಸಾವಿನ ಪ್ರಮಾಣ ಇಳಿಯಲಿಲ್ಲ. ನಿದ್ದೆ ಬರುತ್ತದೆ, ಮಾತ್ರೆ ತಪ್ಪುವುದಿಲ್ಲ, ಕೆಲಸಕ್ಕೆ ಹೋಗುವ ಧೈರ್ಯ ಬರುತ್ತದೆ ಎನ್ನುವ ಗುರಿ ಇಟ್ಟುಕೊಳ್ಳಿ.