‘ವಹಿವಾಟು’ ಒಂದೇ ಸಾಕೇ? ಟ್ರಾನ್ಸಾಕ್ಷನ್, ಕಮಿಟ್, ರೋಲ್‌ಬ್ಯಾಕ್ ಪದಗಳ ಕುರಿತು

ಮಾನ್ಯರೆ,

ಪತ್ತಿನ ಸಹಕಾರ ಸಂಘವೊಂದರ ಗುಮಾಸ್ತರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕೌಂಟರಿನಲ್ಲಿ ಹಣ ಕಟ್ಟಿದ ಕೂಡಲೇ ಶಿಲ್ಕು ಹೇಗೆ ಬದಲಾಗುತ್ತದೆ, ನಡುವೆ ಕರೆಂಟು ಹೋದರೂ ಲೆಕ್ಕ ಏಕೆ ಕೆಡುವುದಿಲ್ಲ ಎಂಬುದನ್ನು ತಿಳಿಸುವ ಅಧ್ಯಾಯದಲ್ಲಿ ‘ಆನ್‌ಲೈನ್ ಟ್ರಾನ್ಸಾಕ್ಷನ್ ಪ್ರೊಸೆಸಿಂಗ್’ ಎಂಬ ಮಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅದಕ್ಕೆ ತಕ್ಕ ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

‘ಆನ್‌ಲೈನ್’ ಎಂಬುದನ್ನು ‘ಅಂತರ್ಜಾಲದ’ ಎಂದು ಅನುವಾದಿಸುವುದು ಇಲ್ಲಿ ತಪ್ಪು. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ರೂಪಿಸಿದ ಸೇಬರ್ ಎಂಬ ವಿಮಾನ ಮುಂಗಡ ಕಾಯ್ದಿರಿಸುವಿಕೆಯ ವ್ಯವಸ್ಥೆ 1960ರ ದಶಕದಲ್ಲೇ, ಅಂದರೆ ಅಂತರ್ಜಾಲ ಹುಟ್ಟುವ ಮೊದಲೇ, ಕೆಲಸ ಮಾಡುತ್ತಿತ್ತು. ದಿನದ ಚೀಟಿಗಳನ್ನೆಲ್ಲ ಕಟ್ಟಿಟ್ಟು ರಾತ್ರಿ ಒಟ್ಟಿಗೆ ಲೆಕ್ಕಕ್ಕೆ ಹಾಕುವ ಪದ್ಧತಿಗೆ ಎದುರಾಗಿ, ಬಂದದ್ದನ್ನು ಬಂದಹಾಗೆ ಮುಗಿಸುವುದು ಎಂಬುದೇ ಈ ಪದದ ಮೂಲಾರ್ಥ. ಆದ್ದರಿಂದ ‘ಕೂಡಲೇ ನಡೆಯುವ’ ಎಂದು ಬಿಡಿಸಿ ಬರೆದಿದ್ದೇನೆ.

ನಿಜವಾದ ತೊಡಕು ‘ಟ್ರಾನ್ಸಾಕ್ಷನ್’ನದು. ಎಟಿಎಂ ಪರದೆಗಳಲ್ಲಿ ‘ವ್ಯವಹಾರ’ ಎಂದು ಕಾಣುವುದುಂಟು, ಪತ್ರಿಕೆಗಳು ‘ವಹಿವಾಟು’ ಎನ್ನುತ್ತವೆ. ‘ಅವನ ವ್ಯವಹಾರ ಸರಿಯಿಲ್ಲ’ ಎಂದರೆ ನಡತೆಯೂ ಆಗುವುದರಿಂದ ಅದನ್ನು ಬಿಟ್ಟೆ. ವಹಿವಾಟು ಮರಾಠಿಯಿಂದ ಬಂದ ಪದ. ಉತ್ತರ ಕರ್ನಾಟಕದ ಜಮೀನಿನ ಕಾಗದಪತ್ರಗಳಲ್ಲಿ ‘ಕಬ್ಜೆ ಮತ್ತು ವಹಿವಾಟು’ ಎಂದಾಗ ಅನುಭೋಗವೆಂಬ ಅರ್ಥ ಈಗಲೂ ಉಳಿದಿದೆ. ಅದು ಅಡ್ಡಿಯಲ್ಲ. ಆದರೆ ‘ದಿನಕ್ಕೆ ಹತ್ತು ಸಾವಿರ ವಹಿವಾಟು’ ಎಂದು ಬರೆದರೆ ಅದು ಹಣದ ಮೊತ್ತವೋ ಎಣಿಕೆಯೋ ಓದುಗನಿಗೆ ತಿಳಿಯದು. ಮೇಲಾಗಿ ಗಣಕದ ಅರ್ಥದಲ್ಲಿ ಹಣ ಕೈ ಬದಲಾಗಲೇಬೇಕೆಂದಿಲ್ಲ: ರೈಲಿನ ಕೊನೆಯ ಬರ್ತನ್ನು ಬೆಂಗಳೂರು, ಹುಬ್ಬಳ್ಳಿಗಳ ಕೌಂಟರುಗಳು ಒಂದೇ ಗಳಿಗೆಯಲ್ಲಿ ಕೇಳಿದಾಗ ಒಬ್ಬರಿಗೆ ಮಾತ್ರ ಕೊಡುವುದೂ ಟ್ರಾನ್ಸಾಕ್ಷನ್ನೇ. ಸದ್ಯಕ್ಕೆ ಎಣಿಕೆಗೆ ಒದಗುವಂತೆ ‘ಬಿಡಿ ವಹಿವಾಟು’ ಎಂದೂ, ಅದರೊಳಗಿನ ಒಂದೊಂದು ಬರವಣಿಗೆಗೆ ‘ನಮೂದು’ ಎಂದೂ ಇಟ್ಟುಕೊಂಡಿದ್ದೇನೆ. ಸದಸ್ಯರ ಉಳಿತಾಯದಿಂದ 2,000 ರೂಪಾಯಿಯ ಸಾಲದ ಕಂತು ಮುರಿದುಕೊಳ್ಳುವಾಗ ಒಂದು ಖಾತೆಗೆ ಖರ್ಚು, ಇನ್ನೊಂದಕ್ಕೆ ಜಮಾ ಎಂದು ಎರಡು ನಮೂದುಗಳು ಬೀಳುತ್ತವೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಟ್ರಾನ್ಸಾಕ್ಷನ್‌ಗೆ ಇರಬೇಕೆಂದು ಜರ್ಮನಿಯ ಗಣಕ ವಿಜ್ಞಾನಿಗಳಾದ ಹೆರ್ಡರ್ ಮತ್ತು ರಾಯ್ಟರ್ 1983ರಲ್ಲಿ ಪಟ್ಟಿಮಾಡಿದ ನಾಲ್ಕು ಗುಣಗಳಲ್ಲಿ ಮೊದಲನೆಯದಾದ ‘ಅಟಾಮಿಸಿಟಿ’ ಇದೇ. ಇದಕ್ಕೆ ‘ಪರಮಾಣುತ್ವ’ ಎಂದು ಬರೆದರೆ ಗುಮಾಸ್ತರು ಅಣುಬಾಂಬನ್ನು ನೆನೆದಾರು, ‘ಅಖಂಡತೆ’ ಸಾಕೆನಿಸುತ್ತದೆ.

‘ಲಾಗ್’ ಎಂಬುದಕ್ಕೆ, ಅಂದರೆ ಗಣಕ ತಾನು ಮಾಡುವ ಬದಲಾವಣೆಗಳನ್ನು ಕ್ರಮವಾಗಿ ಬರೆದಿಡುವ ದಾಖಲೆಗೆ, ಮಾತ್ರ ಹುಡುಕಾಟವೇ ಬೇಕಾಗಲಿಲ್ಲ. ನಮ್ಮ ಅಂಗಡಿ ಲೆಕ್ಕದಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಮೊದಲು ಕಿರ್ದಿಗೆ ಬರೆದು ಆಮೇಲೆ ಖಾತೆಗೆ ಏರಿಸುವ ರೂಢಿಯಿದೆಯಷ್ಟೆ. ಈ ವ್ಯವಸ್ಥೆಗಳೂ ಹಾಗೆಯೇ ಮೊದಲು ಲಾಗ್‌ಗೆ ಬರೆದು, ಯಂತ್ರ ನಿಂತು ಮತ್ತೆ ಹೊರಟಾಗ ಅದನ್ನೇ ಓದಿ, ಪೂರ್ಣಗೊಂಡದ್ದನ್ನು ಖಾತೆಯಲ್ಲಿ ಸರಿಪಡಿಸಿ, ಅರ್ಧಕ್ಕೆ ನಿಂತದ್ದನ್ನು ಅಳಿಸಿಬಿಡುತ್ತವೆ. ಆದ್ದರಿಂದ ‘ಕಿರ್ದಿ’ ಎಂದೇ ಬಳಸಿದ್ದೇನೆ. ಇದರ ಬೆನ್ನಿಗೇ ‘ಕಮಿಟ್’ಗೆ, ಅಂದರೆ ಬಿಡಿ ವಹಿವಾಟನ್ನು ಪೂರ್ಣಗೊಳಿಸಿ ಕಾಯಂ ಮಾಡುವುದಕ್ಕೆ, ‘ಪಕ್ಕಾ ಮಾಡು’ ಎಂಬುದು ಹೊಳೆಯಿತು, ಏಕೆಂದರೆ ವರ್ತಕರಲ್ಲಿ ಕಚ್ಚಾ ಚೀಟಿ, ಪಕ್ಕಾ ಬಿಲ್ಲು ಎಂಬ ಭೇದ ಎಲ್ಲರಿಗೂ ಗೊತ್ತು. ‘ದೃಢೀಕರಣ’ ಎಂದರೆ ತಾಳೆನೋಡುವ ಅರ್ಥ ನುಸುಳುತ್ತದೆ.

‘ರೋಲ್‌ಬ್ಯಾಕ್’ಗೆ, ಅಂದರೆ ಅರ್ಧಕ್ಕೆ ನಿಂತದ್ದನ್ನು ಹೀಗೆ ಅಳಿಸುವುದಕ್ಕೆ, ‘ರದ್ದು’ ಒಗ್ಗುವುದಿಲ್ಲ. ಟಿಕೆಟ್ ರದ್ದು ಮಾಡುವುದು ತಾನೇ ಒಂದು ಹೊಸ ವಹಿವಾಟು. ರೋಲ್‌ಬ್ಯಾಕ್ ಆದರೆ ಮೊದಲಿನದು ನಡೆದೇ ಇಲ್ಲವೆಂದಾಗುತ್ತದೆ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಹಣ ಕಡಿತವಾದರೆ ಐದು ದಿನಗಳೊಳಗೆ ತಾನಾಗಿಯೇ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರಲ್ಲಿ ವಿಧಿಸಿತು. ಆ ಮರಳಿಕೆಯೂ ಹೊಸ ನಮೂದೇ, ಪಾಸ್‌ಬುಕ್ಕಿನಲ್ಲಿ ಎರಡೂ ಸಾಲುಗಳು ಕಾಣುತ್ತವೆ. ಅದಕ್ಕೆ ‘ಮರುಜಮಾ’ ಎಂದಿಟ್ಟಿದ್ದೇನೆ. ಖಾತೆಯಲ್ಲಿ ಕುರುಹೇ ಇಲ್ಲದಂತೆ ಮೊದಲಿನ ಸ್ಥಿತಿಗೆ ಹೋಗುವ ರೋಲ್‌ಬ್ಯಾಕ್‌ಗೆ ‘ಹಿಂಸರಿತ’, ‘ಹಿಂತೆಗೆತ’ ಎರಡೂ ಮನಸ್ಸಿಗೆ ಹಿಡಿಸಲಿಲ್ಲ. ಹಳೆಯ ಅಂಗಡಿ ಲೆಕ್ಕದಲ್ಲೋ ಶ್ಯಾನುಭೋಗರ ದಫ್ತರದಲ್ಲೋ ಬರೆಯಲು ತೊಡಗಿ ಪೂರ್ತಿಯಾಗದೆ ಕೈಬಿಟ್ಟ ನಮೂದಿಗೆ ಪ್ರತ್ಯೇಕ ಹೆಸರೇನಾದರೂ ಇತ್ತೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.