ಕೈತೋಟದ ಹೊಗೆಸೊಪ್ಪು: ಎಲೆ ಕೀಳುವುದು ಯಾವಾಗ, ಹದಗೊಳಿಸುವುದು ಹೇಗೆ?

ಪ್ರಶ್ನೆ (ಕೈತೋಟಿಗ)

ಎಲ್ಲರಿಗೂ ನಮಸ್ಕಾರ. ಹೊಗೆಸೊಪ್ಪಿನ ಗಿಡವನ್ನು ಬೀಜದಿಂದ ಹಿಡಿದು ಹದಗೊಂಡ ಎಲೆಯವರೆಗೆ ಕಣ್ಣಾರೆ ನೋಡಬೇಕೆಂಬ ಆಸೆಯಿಂದ ಹಿತ್ತಿಲಿನ ಒಂದು ಪಾತಿಯಲ್ಲಿ ಕೆಲವು ಗಿಡಗಳನ್ನು ಬೆಳೆಸಿದ್ದೇನೆ. ಗಿಡಗಳು ಈಗ ಎದೆಯೆತ್ತರಕ್ಕೆ ಬೆಳೆದು ನಿಂತಿವೆ. ತುದಿಯಲ್ಲಿ ಮೊಗ್ಗಿನ ಗೊಂಚಲು ಕಾಣಿಸಿಕೊಂಡಿದೆ, ಬುಡದ ಎಲೆಗಳು ತುದಿಯಿಂದ ಹಳದಿಗೆ ತಿರುಗತೊಡಗಿವೆ. ಪರೀಕ್ಷೆಗೆಂದು ನಡುವಿನ ಒಂದು ಎಲೆಯನ್ನು ಕಿತ್ತು ಬಿಸಿಲಿನಲ್ಲಿ ಹರಡಿದೆ. ಅದು ಬಹಳ ಬೇಗ ಒಣಗಿತು, ಆದರೆ ಹಸಿರು ಬಣ್ಣ ಹಾಗೆಯೇ ಉಳಿಯಿತು, ಮುಟ್ಟಿದರೆ ಪುಡಿಪುಡಿಯಾಗುತ್ತದೆ, ಒಣಹುಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ನಾನು ನೋಡಿರುವ ಕಂದು ಬಣ್ಣದ ಮೆತ್ತನೆಯ ಎಲೆಗೂ ಇದಕ್ಕೂ ಯಾವ ಹೋಲಿಕೆಯೂ ಕಾಣುತ್ತಿಲ್ಲ.

ಮೊಗ್ಗನ್ನು ತೆಗೆಯಬೇಕೇ, ಎಲೆ ಬಲಿತಿದೆಯೆಂದು ತಿಳಿಯುವುದು ಹೇಗೆ, ಬ್ಯಾರನ್ (ಎಲೆಗೆ ಶಾಖ ಕೊಟ್ಟು ಹದಗೊಳಿಸುವ ಕಟ್ಟಡ) ಇಲ್ಲದ ಮನೆಯಲ್ಲಿ ಎಲೆಯನ್ನು ಹದಗೊಳಿಸಲು ಸಾಧ್ಯವೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು. ಪಕ್ಕದ ಪಾತಿಯಲ್ಲಿ ಟೊಮೆಟೊ ಮತ್ತು ಮೆಣಸಿನ ಗಿಡಗಳಿವೆ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ (ಹಳೆಯ ಬೇಸಾಯಗಾರ)

ಮೊಗ್ಗಿನ ಗೊಂಚಲನ್ನು ತೆಗೆಯಲೇಬೇಕು, ಅದೂ ಹೂವು ಅರಳುವ ಮೊದಲೇ. ಗಿಡ ಹೂವಿಗೆ ಬಂದಿತೆಂದರೆ ತನ್ನ ಆಹಾರವನ್ನು ಬೀಜದ ಕಡೆಗೆ ಹರಿಸುತ್ತದೆ, ಎಲೆಗಳು ತೆಳುವಾಗಿ ಸತ್ವವಿಲ್ಲದೆ ಉಳಿಯುತ್ತವೆ. ಕುಡಿ ಚಿವುಟಿದ ಸ್ವಲ್ಪ ದಿನಗಳಲ್ಲೇ ಎಲೆಗಳ ಕಂಕುಳಲ್ಲಿ ಹೊಸ ಚಿಗುರುಗಳು ಹೊರಡುತ್ತವೆ. ಅವು ಬೆರಳುದ್ದವಾಗುವ ಮುನ್ನ, ವಾರಕ್ಕೊಮ್ಮೆಯಾದರೂ ಗಿಡಗಳ ನಡುವೆ ಅಡ್ಡಾಡಿ ಮುರಿದು ಹಾಕುತ್ತಿರಿ. ಕುಡಿ ಚಿವುಟಿ ಕಂಕುಳ ಚಿಗುರನ್ನು ಹಾಗೆಯೇ ಬಿಟ್ಟರೆ ಚಿವುಟಿದ್ದರಿಂದ ಬಂದ ಲಾಭವೆಲ್ಲ ಕೈತಪ್ಪುತ್ತದೆ. ಇನ್ನೊಂದು ವಿಷಯವಿದೆ: ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಅಲ್ಲಿಂದ ಅದು ನೀರಿನೊಡನೆ ಮೇಲೇರಿ ಎಲೆಯಲ್ಲಿ ಸಂಗ್ರಹವಾಗುತ್ತದೆ, ಮತ್ತು ಕುಡಿ ಚಿವುಟಿದ ಗಿಡದಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಬೀಜ ಬೇಕಿದ್ದರೆ ಆರೋಗ್ಯವಾದ ಒಂದೇ ಒಂದು ಗಿಡವನ್ನು ಚಿವುಟದೆ ಬಿಟ್ಟು, ಹೂಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಿ. ಈ ಗಿಡ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಟ್ಟುತ್ತದೆ. ಒಂದು ಗ್ರಾಂ ತೂಕದಲ್ಲಿ ಸುಮಾರು 10,000 ಬೀಜಗಳಿರುತ್ತವೆ, ಆದ್ದರಿಂದ ಕಂದು ಬಣ್ಣಕ್ಕೆ ಬಂದ ಕೆಲವೇ ಕಾಯಿಗಳು ಕೈತೋಟಕ್ಕೆ ಧಾರಾಳವಾಗಿ ಸಾಕು. ಮುಂದಿನ ಸಲ ಬಿತ್ತುವಾಗ ಬೀಜದ ಮೇಲೆ ಮಣ್ಣು ಮುಚ್ಚಬೇಡಿ. ಮೊಳೆಯಲು ಅದಕ್ಕೆ ಬೆಳಕು ಬೇಕು.

ಎಲೆ ಬಲಿತದ್ದನ್ನು ತಿಳಿಯಲು ಬಣ್ಣವೊಂದನ್ನೇ ನಂಬಬೇಡಿ. ಬಲಿತ ಎಲೆಯ ಕಡುಹಸಿರು ತಿಳಿಯಾಗಿ ಅಲ್ಲಲ್ಲಿ ಹಳದಿಯ ಛಾಯೆ ಮೂಡುತ್ತದೆ, ಅಂಚು ಮತ್ತು ತುದಿ ಕೆಳಕ್ಕೆ ಬಾಗುತ್ತವೆ, ನಡುನರ ಹಸಿರು ಕಳೆದುಕೊಂಡು ಬೆಳ್ಳಗಾಗುತ್ತದೆ, ಎಲೆಯ ಮೈ ನುಣುಪು ಬಿಟ್ಟು ಸ್ವಲ್ಪ ದೊರಗಾಗುತ್ತದೆ, ಮುಟ್ಟಿದರೆ ಅಂಟಂಟಾಗಿರುತ್ತದೆ. ಬುಡದಲ್ಲಿ ಹಿಡಿದು ಕೆಳಕ್ಕೆ ಒತ್ತಿದಾಗ ಸಿಪ್ಪೆ ಸುಲಿಯದೆ ಲಟಕ್ಕನೆ ಮುರಿದರೆ ಆ ಎಲೆ ಸಿದ್ಧವಾಗಿದೆಯೆಂದೇ ಅರ್ಥ. ಬುಡದ ಎಲೆಗಳು ಮೊದಲು ಬಲಿಯುತ್ತವೆ, ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ವಾರಕ್ಕೆ ಎರಡು ಮೂರು ಎಲೆಗಳಂತೆ ಕೀಳುತ್ತ ಹೋಗಬಹುದು. ಇಲ್ಲವೇ ಕುಡಿ ಚಿವುಟಿದ 3ರಿಂದ 4 ವಾರಗಳ ನಂತರ ಇಡೀ ಗಿಡವನ್ನೇ ಬುಡದಲ್ಲಿ ಕಡಿದು ತಲೆಕೆಳಗಾಗಿ ತೂಗುಹಾಕಬಹುದು. ಮಾಡು ಎತ್ತರವಿದ್ದು ಜಾಗವಿದ್ದರೆ ಎರಡನೆಯ ಕ್ರಮವೇ ಹೊಸಬರಿಗೆ ಸುಲಭವೆಂದು ನನ್ನ ಅಭಿಪ್ರಾಯ, ಏಕೆಂದರೆ ಕಾಂಡದಲ್ಲಿರುವ ನೀರು ಎಲೆಯನ್ನು ಆತುರವಾಗಿ ಒಣಗಲು ಬಿಡುವುದಿಲ್ಲ.

ಈ ಹಂತದಲ್ಲಿ ಸಾರಜನಕ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ. ತಡವಾಗಿ ಸಾರಜನಕ ಸಿಕ್ಕ ಗಿಡದ ಎಲೆ ದಪ್ಪವಾಗಿ ಕಡುಹಸಿರಾಗಿಯೇ ಉಳಿಯುತ್ತದೆ, ಬಲಿಯುವುದೇ ಇಲ್ಲ. ಬಲಿಯದ ಎಲೆಯನ್ನು ಯಾವ ವಿಧಾನದಿಂದಲೂ ಚೆನ್ನಾಗಿ ಹದಗೊಳಿಸಲಾಗದು.

ಉತ್ತರ (ನೆರಳುಮನೆ)

ತಮ್ಮ ಬಿಸಿಲಿನ ಎಲೆ ಹಸಿರಾಗಿಯೇ ಉಳಿದದ್ದಕ್ಕೆ ಕಾರಣ ಹೇಳುತ್ತೇನೆ, ಏಕೆಂದರೆ ಅದು ತಿಳಿದರೆ ಹದಗೊಳಿಸುವ ಕೆಲಸದ ಮುಕ್ಕಾಲು ಪಾಲು ತಿಳಿದಂತೆಯೇ. ಕಿತ್ತ ಎಲೆ ಕೂಡಲೇ ಸಾಯುವುದಿಲ್ಲ. ಅದರ ಜೀವಕೋಶಗಳು ದಿನಗಟ್ಟಲೆ ಉಸಿರಾಡುತ್ತ, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿಸಿ ಅದನ್ನೇ ಉಂಡು ಬದುಕಿರುತ್ತವೆ, ಈ ಅವಧಿಯಲ್ಲಿಯೇ ಪತ್ರಹರಿತ್ತು ಒಡೆದುಹೋಗಿ ಅದರ ಕೆಳಗೆ ಮರೆಯಾಗಿದ್ದ ಹಳದಿ ವರ್ಣದ್ರವ್ಯಗಳು ಮೇಲೆ ಕಾಣುತ್ತವೆ. ಕೋಶಗಳು ಸತ್ತ ಮೇಲೆ ಗಾಳಿಯ ಆಮ್ಲಜನಕ ತಗುಲಿ ಎಲೆ ಕಂದಾಗುತ್ತದೆ. ಎಲೆ ಹಳದಿಯಾಗುವ ಮೊದಲೇ ನೀರು ಆರಿಹೋದರೆ ಜೀವಕೋಶಗಳು ಅಲ್ಲಿಗೇ ಸತ್ತು ಹಸಿರು ಒಳಗೇ ಉಳಿದುಬಿಡುತ್ತದೆ, ಅದನ್ನು ಆಮೇಲೆ ತೆಗೆಯುವುದು ಕಷ್ಟ. ಹದಗೊಳಿಸುವುದೆಂದರೆ ಒಣಗಿಸುವುದಲ್ಲ, ಒಣಗುವುದನ್ನು ತಡೆದು ತಡೆದು ನಡೆಸುವುದು.

ಮನೆಯಲ್ಲಿ ಮಾಡಲು ಯೋಗ್ಯವಾದದ್ದು ನೆರಳಿನ ಗಾಳಿಯಲ್ಲಿ ಹದಗೊಳಿಸುವ ಕ್ರಮ. ಕಿತ್ತ ಎಲೆಗಳನ್ನು ಮೊದಲು ನೆರಳಿನಲ್ಲಿ ಒಂದು ದಿನ ಬಾಡಲು ಬಿಡಿ. ನಂತರ ಬುಡದ ನರಕ್ಕೆ ದಬ್ಬಣದಿಂದ ದಾರ ಪೋಣಿಸಿ, ಎರಡೆರಡು ಎಲೆಗಳನ್ನು ಬೆನ್ನಿಗೆ ಬೆನ್ನಾಗಿಟ್ಟು, ಜೋಡಿಯಿಂದ ಜೋಡಿಗೆ ಎರಡು ಬೆರಳಿನಷ್ಟು ಅಂತರ ಬಿಟ್ಟು ತೋರಣದಂತೆ ಕಟ್ಟಿ. ಬಿಸಿಲು ನೇರವಾಗಿ ಬೀಳದ, ಮಳೆಯ ಎರಚಲು ತಾಗದ, ಎರಡು ಕಡೆ ಕಿಟಕಿಯಿರುವ ಕೊಟ್ಟಡಿ ಉತ್ತಮ. ಗಾಳಿಯ ತೇವಾಂಶ ಶೇ. 65ರಿಂದ 70ರ ಆಸುಪಾಸಿನಲ್ಲಿದ್ದರೆ ಕೆಲಸ ಸರಾಗವಾಗಿ ನಡೆಯುತ್ತದೆ. ಎಲೆ ಹಸಿರಿರುವಾಗಲೇ ಅಂಚುಗಳು ಗರಿಗರಿಯಾದರೆ ಕಿಟಕಿ ಮುಚ್ಚಿ ನೆಲಕ್ಕೆ ನೀರು ಚಿಮುಕಿಸಿ. ಬಂದ ಬೆವರು ಎಲೆಯ ಮೇಲೆ ಹಾಗೆಯೇ ನಿಂತರೆ ಕಿಟಕಿ ತೆರೆಯಿರಿ. ಮೊದಲಿನ ದಿನಗಳಲ್ಲಿ ಬೆಳಿಗ್ಗೆ ಸಂಜೆ ಹೋಗಿ ಎಲೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ತೊಗಲಿನಂತೆ ತಣ್ಣಗೆ ಮೆತ್ತಗಿದ್ದರೆ ಎಲ್ಲವೂ ಸರಿಯಾಗಿದೆ. ಹಳದಿಯಾಗಿ, ಕಂದಾಗಿ, ನಡುನರದವರೆಗೆ ಒಣಗಲು ಒಟ್ಟು 4ರಿಂದ 8 ವಾರ ಹಿಡಿಯುತ್ತದೆ. ಹಸಿ ಎಲೆಯ ತೂಕದಲ್ಲಿ ಶೇ. 80ರಿಂದ 90ರಷ್ಟು ನೀರೇ ಇರುವುದರಿಂದ ಕೊನೆಗೆ ಉಳಿಯುವ ರಾಶಿ ತೀರ ಸಣ್ಣದಾಗಿರುತ್ತದೆ.

ಬ್ಯಾರನ್ನಿನಲ್ಲಿ ನಡೆಯುವುದೂ ಇದೇ ಕ್ರಿಯೆ, ಆದರೆ ಬೇಗ. ಅಲ್ಲಿ ಸುಮಾರು 35ರಿಂದ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದ ಗಾಳಿಯೊಡನೆ ಎಲೆಯನ್ನು ಹಳದಿಯಾಗಿಸಿ, ಆಮೇಲೆ ಶಾಖವನ್ನು ಮೆಲ್ಲಗೆ ಏರಿಸುತ್ತ, ಕೊನೆಗೆ ನಡುನರ ಒಣಗಲೆಂದು 70 ಡಿಗ್ರಿಯ ಮೇಲಕ್ಕೆ ಒಯ್ಯುತ್ತಾರೆ. 5ರಿಂದ 7 ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಕೋಶಗಳು ಸಕ್ಕರೆಯನ್ನು ಪೂರ್ತಿ ತಿಂದು ಮುಗಿಸುವ ಮೊದಲೇ ಶಾಖ ಅವನ್ನು ಕೊಲ್ಲುವುದರಿಂದ ಆ ಎಲೆಯಲ್ಲಿ ಸಿಹಿ ಉಳಿದು ಬಣ್ಣ ಹೊಂಬಣ್ಣವಾಗುತ್ತದೆ. ನೆರಳಿನಲ್ಲಿ ಹದಗೊಂಡ ಎಲೆಯಲ್ಲಿ ಸಕ್ಕರೆ ಬಹುತೇಕ ಇರುವುದೇ ಇಲ್ಲ. ಒಲೆಯ ಮೇಲೆ, ಓವನ್ನಿನಲ್ಲಿ ಇದನ್ನು ಅನುಕರಿಸಲು ದಯವಿಟ್ಟು ಹೋಗಬೇಡಿ. ಒಣ ಎಲೆಗೆ ಬೆಂಕಿ ತಗುಲುವ ಅಪಾಯವಿದೆ, ಅಡುಗೆ ಮಾಡುವ ಜಾಗಕ್ಕೆ ನಿಕೋಟಿನ್ ಸೇರಲೇಬಾರದು.

ಉತ್ತರ (ಸಸ್ಯಮಿತ್ರ)

ಮೇಲಿನ ಇಬ್ಬರೂ ಎಲೆಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಎಲೆ ಕೀಳುವ ಕೈಯ ಬಗ್ಗೆ ನಾನು ಬರೆಯಬೇಕಾಗಿದೆ. ಹಸಿ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಮೈಗೆ ಸೇರುತ್ತದೆ. ಇಬ್ಬನಿಯಲ್ಲಿ, ಮಳೆ ಬಿದ್ದ ಮೇಲೆ, ಅಥವಾ ಬೆವರಿದ ಮೈಯಲ್ಲಿ ಬರಿಗೈಯಿಂದ ಎಲೆ ಕಿತ್ತು ತೋಳಿನಲ್ಲಿ ಅಪ್ಪಿಕೊಂಡು ಬಂದವರಿಗೆ ಕೆಲವೇ ಗಂಟೆಗಳಲ್ಲಿ ವಾಕರಿಕೆ, ವಾಂತಿ, ತಲೆಸುತ್ತು, ತಲೆನೋವು ಕಾಣಿಸಿಕೊಳ್ಳುವುದುಂಟು, ತಂಬಾಕು ಬೆಳೆಯುವವರಲ್ಲಿ ಇದು ಚಿರಪರಿಚಿತವಾದ ಕಾಯಿಲೆ. ಇಬ್ಬನಿ ಆರಿದ ಮೇಲೆಯೇ ಕೊಯ್ಲಿಗೆ ಇಳಿಯಿರಿ, ನೀರು ಹೀರದ ಕೈಗವಸು ಮತ್ತು ಉದ್ದ ತೋಳಿನ ಅಂಗಿ ಧರಿಸಿ, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ತೊಳೆದುಕೊಂಡು ಬಟ್ಟೆ ಬದಲಿಸಿ. ಲಕ್ಷಣಗಳು ಜೋರಾದರೆ ವೈದ್ಯರಲ್ಲಿಗೆ ಹೋಗಲೇಬೇಕು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಗಿಡದಿಂದ ಮತ್ತು ಎಲೆ ತೂಗುಹಾಕಿದ ಕೋಣೆಯಿಂದ ದೂರವಿಡಿ.

ಟೊಮೆಟೊ, ಮೆಣಸಿನಕಾಯಿ, ಬದನೆ, ಆಲೂಗಡ್ಡೆ ಎಲ್ಲವೂ ಹೊಗೆಸೊಪ್ಪಿನ ಕುಟುಂಬಕ್ಕೇ ಸೇರಿದವು. ಎಲೆಯಲ್ಲಿ ತಿಳಿ ಮತ್ತು ಕಡು ಹಸಿರಿನ ಮಚ್ಚೆಗಳನ್ನು ಮೂಡಿಸುವ ತಂಬಾಕಿನ ಮೊಸಾಯಿಕ್ ವೈರಸ್ ಇವುಗಳಲ್ಲಿ ಹಲವಕ್ಕೆ ಹರಡುತ್ತದೆ, ಹರಡುವುದೂ ಕೀಟದಿಂದಲ್ಲ, ಮುಖ್ಯವಾಗಿ ಕೈ, ಕತ್ತರಿ, ಬಟ್ಟೆಗಳಿಂದ. 1892ರಲ್ಲಿ ರಷ್ಯಾದ ವಿಜ್ಞಾನಿ ಇವಾನೋವ್‌ಸ್ಕಿ, 1898ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಬೈಯರಿಂಕ್ ನಡೆಸಿದ ಪ್ರಯೋಗಗಳಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವ ಸೋಸುಕದಿಂದಲೂ ದಾಟಿ ಬಂದು, ವೈರಸ್ ವಿಜ್ಞಾನಕ್ಕೇ ನಾಂದಿ ಹಾಡಿದ ರೋಗಾಣು ಇದು. ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಉಳಿಯಬಲ್ಲದು. ಕಂಕುಳ ಚಿಗುರು ಮುರಿದ ಕೈಯಲ್ಲೇ ಟೊಮೆಟೊ ಗಿಡವನ್ನು ಮುಟ್ಟಬೇಡಿ. ಮಿಕ್ಕ ಎಲೆಯನ್ನು ನೆನೆಸಿ ತರಕಾರಿಗೆ ಕೀಟನಾಶಕವಾಗಿ ಸಿಂಪಡಿಸುವ ಆಲೋಚನೆ ಬಂದರೂ ಬೇಡ. ನಿಕೋಟಿನ್ ಮನುಷ್ಯನಿಗೂ ವಿಷವೇ.

ಮನೆಯಲ್ಲಿ ಬೆಳೆದ ಎಲೆ ನಿರಪಾಯಕಾರಿ ಎಂಬ ಮಾತನ್ನು ಹಲವೆಡೆ ಕೇಳಿದ್ದೇನೆ, ಅದು ತಪ್ಪು. ತಂಬಾಕಿಗೇ ವಿಶಿಷ್ಟವಾದ ನೈಟ್ರೊಸಮೀನ್ ಎಂಬ ಕ್ಯಾನ್ಸರ್‌ಕಾರಕ ಸಂಯುಕ್ತಗಳು ಕಾರ್ಖಾನೆಯಲ್ಲಿ ಬೆರೆಸಿದ್ದಲ್ಲ, ಹೆಚ್ಚಾಗಿ ಹದಗೊಳಿಸುವಾಗ ಎಲೆಯಲ್ಲಿಯೇ ಹುಟ್ಟುತ್ತವೆ. ಸುಟ್ಟರೆ ಬರುವ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಎಲ್ಲಿ ಬೆಳೆದ ಎಲೆಯಿಂದಲೂ ಬರುತ್ತವೆ. ಬೆಳೆಯುವುದರ ಕುರಿತ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುವುದರಿಂದ ಅದನ್ನೂ ವಿಚಾರಿಸಿಕೊಳ್ಳಿ.

ಮರುಪ್ರಶ್ನೆ (ಕೈತೋಟಿಗ)

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕುಡಿ ಚಿವುಟಿದ್ದಾಯಿತು, ಕೈಗವಸನ್ನೂ ತಂದಿಟ್ಟುಕೊಂಡೆ. ನೆರಳುಮನೆಯವರಲ್ಲಿ ಒಂದು ಸಂದೇಹ: ಬುಡದ ಎಲೆಗಳನ್ನು ಕಟ್ಟಿದ್ದೇನೆ, ಅವು ಚೆನ್ನಾಗಿ ಹಳದಿಯಾಗಿ ಕಂದು ಬಣ್ಣಕ್ಕೆ ಬರುತ್ತಿವೆ. ಆದರೆ ಮೋಡ ಮುಸುಕಿದ ಹವೆಯಲ್ಲಿ ಎರಡು ಎಲೆಗಳ ನಡುನರದ ಬುಡದಲ್ಲಿ ಬಿಳಿಯ ಬೂಷ್ಟು ಕಾಣಿಸಿದೆ. ಒರೆಸಿ ಉಳಿಸಿಕೊಳ್ಳಬಹುದೇ?

ಉತ್ತರ (ನೆರಳುಮನೆ)

ಒರೆಸಿ ಉಳಿಸಿಕೊಳ್ಳುವುದು ಬೇಡ, ಆ ಎರಡನ್ನೂ ಇಂದೇ ತೆಗೆದು ಹೊರಹಾಕಿ, ಅವುಗಳ ಅಕ್ಕಪಕ್ಕದ ಎಲೆಗಳನ್ನು ಬಿಡಿಸಿ ನೋಡಿ. ನಡುನರವೇ ಎಲೆಯಲ್ಲಿ ಕೊನೆಗೆ ಒಣಗುವ ಭಾಗ. ಎಲೆಯ ಹಾಳೆ ಕಂದಾದ ಮೇಲೂ ಅದು ನೀರು ತುಂಬಿಕೊಂಡಿರುತ್ತದೆ, ಆದ್ದರಿಂದ ಬೂಷ್ಟು ಮೊದಲು ಹಿಡಿಯುವುದೂ ಅಲ್ಲಿಯೇ. ಉಳಿದ ಎಲೆಗಳ ನಡುವಿನ ಅಂತರವನ್ನು ಇಮ್ಮಡಿಗೊಳಿಸಿ, ಫ್ಯಾನನ್ನು ಎಲೆಗೆ ನೇರವಾಗಿ ಬೀಸದಂತೆ ಗೋಡೆಯ ಕಡೆ ತಿರುಗಿಸಿಟ್ಟು ಕೋಣೆಯ ಗಾಳಿ ಆಡುವಂತೆ ಮಾಡಿ. ಹಳದಿಯಾಗುವ ಹಂತ ದಾಟಿರುವುದರಿಂದ ಈಗ ಸ್ವಲ್ಪ ಬೇಗ ಒಣಗಿದರೂ ನಷ್ಟವಿಲ್ಲ. ಬಲು ದಪ್ಪವಾದ ನರಗಳನ್ನು ಹರಿತವಾದ ಚಾಕುವಿನಿಂದ ಉದ್ದಕ್ಕೆ ಸೀಳಿದರೆ ನೀರು ಬೇಗ ಆರುತ್ತದೆ.

ನಡುನರವನ್ನು ಬಗ್ಗಿಸಿದಾಗ ಕಡ್ಡಿಯಂತೆ ಪಟಕ್ಕನೆ ಮುರಿದರೆ ಹದ ಮುಗಿಯಿತು. ಆಗ ಎಲೆಯ ಹಾಳೆಯೂ ಪುಡಿಯಾಗುವಷ್ಟು ಒಣಗಿರುತ್ತದೆ, ಆ ಸ್ಥಿತಿಯಲ್ಲಿ ಅದನ್ನು ದಾರದಿಂದ ಇಳಿಸಬೇಡಿ. ತೇವವಿರುವ ಬೆಳಗಿನ ಜಾವದ ಗಾಳಿಗೆ ಬಿಟ್ಟರೆ ತಾನಾಗಿಯೇ ಮೆತ್ತಗಾಗುತ್ತದೆ, ಹಾಗಾದ ಮೇಲೆ ಇಳಿಸಿ, ಒಂದರ ಮೇಲೊಂದು ಹರಡಿ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಪೆಟ್ಟಿಗೆಯಲ್ಲಿಡಿ. ಮೊದಲ ವಾರಗಳಲ್ಲಿ ಆಗಾಗ ಕಟ್ಟನ್ನು ಬಿಚ್ಚಿ ಒಳಗೆ ಕೈಯಿಟ್ಟು ನೋಡಬೇಕು. ಬಿಸಿ ಹತ್ತಿದ್ದರೆ ಒಳಗಿನದನ್ನು ಹೊರಕ್ಕೂ ಹೊರಗಿನದನ್ನು ಒಳಕ್ಕೂ ಮಾಡಿ ಮಗುಚಿ ಜೋಡಿಸಿ. ಆರಂಭದಲ್ಲಿ ಅಮೋನಿಯದ ಘಾಟು ಬರುವುದು ಸಹಜ, ಎಲೆ ಹಳತಾದಂತೆ ಅದು ತಗ್ಗುತ್ತ ಹೋಗುತ್ತದೆ. ಮುಗ್ಗಲು ವಾಸನೆ ಬಂದರೆ ಮಾತ್ರ ಕೂಡಲೇ ಎಲ್ಲವನ್ನೂ ಬಿಡಿಸಿ ಮತ್ತೆ ತೂಗುಹಾಕಿ.